ಮನೆಯ ಗುಂಪಿನಲ್ಲಿ ಲಕ್ಷ್ಮಿ

ಸುಂಟಿಕೊಪ್ಪದ ಮಾವ (ಬೇರೆಡೆಯಿಂದ ಬಂದ ಸಂದೇಶ): 'ಜೂಲಿ' ಖ್ಯಾತಿಯ ಲಕ್ಷ್ಮಿ ಯಾರ ಮಗಳು ಗೊತ್ತೇ? ಕನ್ನಡದಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ನಿರ್ದೇಶಕ ವೈ.ವಿ. ರಾವ್ ಅವರ ಮಗಳು! ಅಪ್ಪನ ಹೆಸರಿದ್ದರೆ ಅವಕಾಶ ಮನೆಗೇ ಬರುತ್ತದೆ.

ಸುಂಟಿಕೊಪ್ಪದ ಮಾವ: ಅಂದಿಗೂ ಇಂದಿಗೂ ಇದೇ ಕಥೆ, ನೋಡಿ.

ನಾನು: ಮಗಳು ಎನ್ನುವುದು ನಿಜ ಮಾವ, ಉಳಿದದ್ದನ್ನು ಒಪ್ಪಲಾರೆ. 'ಸತಿ ಸುಲೋಚನ' ಬಂದದ್ದು 1934ರಲ್ಲಿ, ಅವರ ತಮಿಳಿನ 'ಚಿಂತಾಮಣಿ' 1937ರಲ್ಲಿ. ಲಕ್ಷ್ಮಿ ಹುಟ್ಟಿದ್ದೇ 1952ರ ಡಿಸೆಂಬರಿನಲ್ಲಿ. ಮಗಳು ಬಣ್ಣ ಹಚ್ಚುವ ಹೊತ್ತಿಗೆ ಆ ಚಿತ್ರಗಳಿಗೆ ಮೂವತ್ತು ವರ್ಷ ದಾಟಿತ್ತು. ಅದಿರಲಿ, ತಾಯಿಯನ್ನು ಏಕೆ ಬಿಟ್ಟಿದ್ದಾರೆ? ಕುಮಾರಿ ರುಕ್ಮಿಣಿ, 1945ರ ತಮಿಳು 'ಶ್ರೀವಳ್ಳಿ'ಯ ನಾಯಕಿ. ಮಗಳು ಹಿಡಿದದ್ದು ತಾಯಿಯ ಕಸುಬನ್ನು, ಆದರೂ ಸಂದೇಶದಲ್ಲಿ ತಾಯಿಯ ಸುಳಿವೇ ಇಲ್ಲ. ಇದು ನನಗೆ ನೋವಿನ ಸಂಗತಿ.

ಗೋಣಿಕೊಪ್ಪದ ಅಣ್ಣ: ಅಪ್ಪ ಅಲ್ಲದಿದ್ದರೆ ಅಮ್ಮ. ನೀನು ಮಾವನ ಮಾತಿಗೇ ಬಲ ಕೊಟ್ಟೆ. 1968 ಒಂದೇ ವರ್ಷದಲ್ಲಿ ತಮಿಳಿನ 'ಜೀವನಾಂಶಂ', ತೆಲುಗಿನ 'ಬಾಂಧವ್ಯಾಲು', ಕನ್ನಡದಲ್ಲಿ ರಾಜ್‌ಕುಮಾರ್ ಜೊತೆ 'ಗೋವಾದಲ್ಲಿ ಸಿ.ಐ.ಡಿ. 999'. ಆಗ ಆಕೆಗೆ ಹದಿನೈದು ವರ್ಷ. ಶನಿವಾರಸಂತೆಯಿಂದ ಹೊರಟ ಹುಡುಗಿಗೆ ಇದು ಸಾಧ್ಯವಿತ್ತೇ?

ನಾನು: ಇರಲಿಲ್ಲ, ಅಷ್ಟು ಮಾತ್ರ ಒಪ್ಪಿದೆ. ಆದರೆ 1974ರ ಮಲಯಾಳದ 'ಚಟ್ಟಕ್ಕಾರಿ'ಗೆ ಬಾ. ಆಂಗ್ಲೋ ಇಂಡಿಯನ್ ರೈಲು ಚಾಲಕನ ಮಗಳು, ಮದುವೆಗೆ ಮೊದಲೇ ಬಸುರಿ. ಹೆಸರು ಕೆಡುತ್ತದೆ ಎಂದು ಇಂಥ ಪಾತ್ರಕ್ಕೆ ಬೆನ್ನು ಹಾಕುವ ಕಾಲವದು. ಲಕ್ಷ್ಮಿ ಮಾಡಿದರು. ಮರುವರ್ಷ ನಿರ್ದೇಶಕ ಸೇತುಮಾಧವನ್ ಅದನ್ನೇ ಹಿಂದಿಯಲ್ಲಿ 'ಜೂಲಿ' ಮಾಡಿದಾಗಲೂ ನಾಯಕಿ ಅವರೇ, ಫಿಲ್ಮ್‌ಫೇರ್ ಪ್ರಶಸ್ತಿಯೂ ಅವರಿಗೇ. ಮುಂಬಯಿಯ ಪ್ರೇಕ್ಷಕ ವೈ.ವಿ. ರಾವ್ ಹೆಸರು ನೋಡಿ ಟಿಕೆಟ್ ಕೊಂಡನೇ?

ವಿರಾಜಪೇಟೆಯ ದೊಡ್ಡಮ್ಮ: ನಾನು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗ 'ಜೂಲಿ' ನೋಡಿದ್ದೆ, ಮನೆಯಲ್ಲಿ ಹೇಳದೆ. ಹೆತ್ತ ಮಗುವನ್ನು ಅನಾಥಾಲಯಕ್ಕೆ ಬಿಡಬೇಕಾಗುತ್ತದಲ್ಲ, ಆಗ ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ರಜೆಗೆ ಊರಿಗೆ ಬಂದಾಗ ಅಮ್ಮನಿಗೆ ಕಥೆಯನ್ನು ಪೂರ್ತಿ ಹೇಳಿಬಿಟ್ಟೆ. ಅಂಗಳದಲ್ಲಿ ಕರಿಮೆಣಸು ಕೇರುತ್ತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಮೊರ ನಿಂತಿತು. 'ಕೊನೆಗೆ ಮಗು ಅವಳಿಗೆ ಸಿಕ್ಕಿತೇ?' ಎಂದು ಕೇಳಿದರು. ಸಿಕ್ಕಿತು ಎಂದೆ. ಮತ್ತೆ ಕೇರತೊಡಗಿದರು.

ಸುಂಟಿಕೊಪ್ಪದ ಮಾವ: ಅಕ್ಕ, ಅಮ್ಮ ಹಾಗೆ ಕೇಳಿದ್ದರೇ? ನನಗೆ ಗೊತ್ತೇ ಇರಲಿಲ್ಲ.

ಗೋಣಿಕೊಪ್ಪದ ಅಣ್ಣ: ದೊಡ್ಡಮ್ಮ, ಅವರ ಅಭಿನಯದ ಬಗ್ಗೆ ನನ್ನ ತಕರಾರಿಲ್ಲ. ನಾನು ಹೇಳುತ್ತಿರುವುದು ಮೊದಲ ಅವಕಾಶದ ಬಗ್ಗೆ ಮಾತ್ರ. ಪ್ರತಿಭೆ ಇದ್ದೂ ಸ್ಟುಡಿಯೋದ ಗೇಟಿನಿಂದಲೇ ವಾಪಸಾದವರ ಲೆಕ್ಕ ಇಟ್ಟವರು ಯಾರು?

ನಾನು: ಯಾರೂ ಇಟ್ಟಿಲ್ಲ, ಆ ಅನ್ಯಾಯ ನನಗೂ ಚುಚ್ಚುತ್ತದೆ. ಆದರೆ ಅದರ ಸಿಟ್ಟನ್ನು ಈಕೆಯ ದುಡಿಮೆಯ ಮೇಲೆ ತೀರಿಸಬೇಡ. 'ಸಿಲ ನೇರಂಗಳಿಲ್ ಸಿಲ ಮನಿದರ್ಗಳ್' ಚಿತ್ರಕ್ಕೆ 1976ನೇ ಸಾಲಿನ ರಾಷ್ಟ್ರ ಪ್ರಶಸ್ತಿ ಬಂತು. ತಮಿಳು ಚಿತ್ರವೊಂದಕ್ಕೆ ಶ್ರೇಷ್ಠ ನಟಿ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. 1968ರಿಂದ ಅಲ್ಲಿಯವರೆಗೆ ಎಂಟು ವರ್ಷ, ಐದು ಭಾಷೆ. ಈ ಸಂದೇಶ ಬರೆದವರು ಆ ಎಂಟು ವರ್ಷವನ್ನೇ ನುಂಗಿಬಿಟ್ಟಿದ್ದಾರೆ.

ಸುಂಟಿಕೊಪ್ಪದ ಮಾವ: ಸರಿ, ಕಳುಹಿಸಿದವರಿಗೆ ತಿದ್ದಿ ಕಳುಹಿಸುತ್ತೇನೆ. ತಾಯಿಯ ಚಿತ್ರದ ಹೆಸರು ಇನ್ನೊಮ್ಮೆ ಬರೆ. ಮಳೆಗೆ ಬೆಳಗಿನಿಂದ ಕರೆಂಟಿಲ್ಲ, ಮೊಬೈಲ್‌ನಲ್ಲಿ ಚಾರ್ಜ್ ಮುಗಿಯುತ್ತಾ ಬಂತು.

ಗೋಣಿಕೊಪ್ಪದ ಅಣ್ಣ: ತಿದ್ದಿ ಮಾವ, ಆದರೆ ಅವಕಾಶ ಮನೆಗೇ ಬಂತು ಎಂಬ ಸಾಲನ್ನು ಅಳಿಸಬೇಡಿ.

ನಾನು: 'ಶ್ರೀವಳ್ಳಿ', 1945. ಕುಮಾರಿ ರುಕ್ಮಿಣಿ.