ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್) ಆದವರೆಲ್ಲ ಬಾಲ ನ್ಯಾಯ ಮಂಡಳಿಯಲ್ಲಿ ಕೂರಬಹುದಾ?

ಪ್ರಶ್ನೆ: ಬಾಲ ನ್ಯಾಯ ಮಂಡಳಿ ನೋಡುವ, ಅಪರಾಧದ ಆರೋಪ ಇರೋ ಮಕ್ಕಳ ಪ್ರಕರಣಕ್ಕೆ ಮ್ಯಾಜಿಸ್ಟ್ರೇಟರಿಗೆ ಬೇರೆ ಅರ್ಹತೆ ಬೇಕಾ? ಕೌಟುಂಬಿಕ ನ್ಯಾಯಾಲಯಕ್ಕೂ ಅವರೇ ಹೋಗ್ತಾರಾ?

ಉತ್ತರ 1: ಎಲ್ಲರೂ ಕೂರೋಕಾಗಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 4ನೇ ಕಲಂ ನೋಡಿ. ಪ್ರಧಾನ ಮ್ಯಾಜಿಸ್ಟ್ರೇಟ್‌ಗೆ (ಮಂಡಳಿಯ ಮುಖ್ಯಸ್ಥರಾಗಿ ಕೂರುವ ಮ್ಯಾಜಿಸ್ಟ್ರೇಟ್) ಕನಿಷ್ಠ 3 ವರ್ಷದ ಅನುಭವ ಇರಬೇಕು, ಸಿಜೆಎಂ (ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್) ಆಗಿರಬಾರದು. ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತ ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ನೇಮಕವಾದ 60 ದಿನದೊಳಗೆ ಮೂವರಿಗೂ ಮಕ್ಕಳ ಆರೈಕೆ, ರಕ್ಷಣೆ, ಪುನರ್ವಸತಿ ಬಗ್ಗೆ ತರಬೇತಿ ಕೊಡಿಸುವುದು ಸರ್ಕಾರದ ಹೊಣೆ.

ಉತ್ತರ 2: ಎಡವೋದು ಹಾಜರಾತಿ ವಿಷಯದಲ್ಲಿ. ಸದಸ್ಯರೊಬ್ಬರು ಬರಲಿಲ್ಲ ಅಂದಮಾತ್ರಕ್ಕೆ ಮಧ್ಯಂತರ ಆದೇಶ ಬಿದ್ದುಹೋಗಲ್ಲ. ಆದರೆ ಅಂತಿಮ ಆದೇಶಕ್ಕೆ ಪ್ರಧಾನ ಮ್ಯಾಜಿಸ್ಟ್ರೇಟ್ ಸೇರಿ ಕನಿಷ್ಠ ಇಬ್ಬರು ಇರಲೇಬೇಕು. ಅಭಿಪ್ರಾಯ ಭೇದ ಬಂದರೆ ಬಹುಮತ. ಬಹುಮತವೇ ಇಲ್ಲದಿದ್ದರೆ ಪ್ರಧಾನರ ಮಾತೇ ನಡೆಯುತ್ತೆ. ಅಂದರೆ ಇಬ್ಬರು ಸದಸ್ಯರು ಒಂದಾದರೆ ಮ್ಯಾಜಿಸ್ಟ್ರೇಟರನ್ನೂ ಮೀರಬಹುದು. ಎಷ್ಟೋ ವಕೀಲರು ಇದನ್ನು ಮರೆತು ಪ್ರಧಾನರ ಕಡೆಗೇ ಮುಖಮಾಡಿ ವಾದಿಸ್ತಾರೆ! ವರ್ಷದ ಬೈಠಕ್‌ಗಳಲ್ಲಿ ಮುಕ್ಕಾಲು ಪಾಲಿಗೂ ಬಾರದ ಸದಸ್ಯರನ್ನು, ವಿಚಾರಣೆ ಮಾಡಿ, ಸರ್ಕಾರ ತೆಗೆಯಬಹುದು. ಇನ್ನೊಂದು: 2016ರ ಮಾದರಿ ನಿಯಮಗಳ ಪ್ರಕಾರ ಮಂಡಳಿ ಎತ್ತರದ ವೇದಿಕೆ ಮೇಲೆ ಕೂರುವಂತಿಲ್ಲ, ಮಗುವಿನ ಮುಂದೆ ಕಟಕಟೆಯೂ ಇರಬಾರದು.

ಉತ್ತರ 3: ಕೌಟುಂಬಿಕ ನ್ಯಾಯಾಲಯದ ದಾರಿಯೇ ಬೇರೆ. 1984ರ ಕಾಯ್ದೆಯಡಿ 7 ವರ್ಷ ನ್ಯಾಯಿಕ ಹುದ್ದೆಯಲ್ಲಿದ್ದವರು ಅಥವಾ ಹೈಕೋರ್ಟಿನಲ್ಲಿ 7 ವರ್ಷ ವಕೀಲಿಕೆ ಮಾಡಿದವರು ಅರ್ಹರು. ಹೈಕೋರ್ಟಿನ ಸಮ್ಮತಿ ಪಡೆದು ರಾಜ್ಯ ಸರ್ಕಾರ ನೇಮಿಸುತ್ತೆ, 62 ವರ್ಷದವರೆಗೆ ಮಾತ್ರ. ಹೆಂಡತಿ ಮಕ್ಕಳ ಜೀವನಾಂಶದ ಅರ್ಜಿಯಲ್ಲಿ ಆ ನ್ಯಾಯಾಧೀಶರೇ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಚಲಾಯಿಸ್ತಾರೆ. ಹಾಗಾಗಿ ಕೌಟುಂಬಿಕ ನ್ಯಾಯಾಲಯ ಇರುವ ಊರಲ್ಲಿ ಆ ಅರ್ಜಿಯನ್ನು ಜೆಎಂಎಫ್‌ಸಿ ಮುಂದೆ ಹಾಕಬೇಡಿ, ವಾಪಸ್ ಬರುತ್ತೆ.