ಸಹಾಯ ಬೇಕು: ಬಟ್ಟೆ ಚೀಲಕ್ಕೆ ಯಾವ ಸ್ಕ್ವೀಜಿ ಬ್ಲೇಡ್?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಇಷ್ಟು ದಿನ ಬರೀ ಮದುವೆ ಕಾರ್ಡು ಮಾಡುತ್ತಿದ್ದೆ, ಈಗ ಬಟ್ಟೆ ಚೀಲದ ಆರ್ಡರ್ ಜಾಸ್ತಿ.

ಸ್ಕ್ವೀಜಿ ಅಂದರೆ ಸ್ಕ್ರೀನ್ ಮೇಲೆ ಇಂಕು ಎಳೆಯುವ ಪಟ್ಟಿ; ಕಾರ್ಡಿನ 75 ಶೋರ್ (ಗಟ್ಟಿತನದ ಅಳತೆ) ಬ್ಲೇಡನ್ನೇ ಚೀಲಕ್ಕೂ ಬಳಸುತ್ತಿದ್ದೇನೆ. ಎರಡು ಸಲ ಎಳೆದರೂ ಕಾಟನ್ ನೇಯ್ಗೆಯ ಸಂದಿಯಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ. ಒತ್ತಿ ಎಳೆದರೆ 'ಶ್ರೀ' ಅಕ್ಷರದ ರ-ಒತ್ತು ಕಲಸಿಹೋಗುತ್ತದೆ. ಮೆಶ್ (ಸ್ಕ್ರೀನಿನ ಬಲೆ) 43 ಟಿ, ಅಂದರೆ ಸೆಂಟಿಮೀಟರಿಗೆ 43 ಎಳೆ; ವಾಟರ್ ಬೇಸ್ ಇಂಕು.

ಮೆತ್ತಗಿನ ಬ್ಲೇಡ್ ಇಂಕು ಜಾಸ್ತಿ ಇಳಿಸುತ್ತದೆ, ಅಲ್ವಾ? ಆದರೆ 60 ತಗೊಂಡರೆ ಸಣ್ಣ ಅಕ್ಷರ ನಿಲ್ಲುತ್ತಾ, ಇಲ್ಲಾ 65 ಸರಿಯಾ? ರಬ್ಬರ್ ಬೇಗ ಸವೆಯುತ್ತದೆ, ಪಾಲಿಯುರೆಥೇನ್ ದುಬಾರಿ. ದಿನಾ ಚೀಲ ಪ್ರಿಂಟ್ ಮಾಡುವವರು ಯಾವುದು ಬಳಸುತ್ತೀರಿ?

ಇನ್ನೊಂದು, ಹಳೆ ಬ್ಲೇಡಿನ ಅಂಚು ಮುಟ್ಟಿದರೆ ದುಂಡಗಾಗಿದೆ. ಉಪ್ಪುಕಾಗದದ ಮೇಲೆ ಉಜ್ಜಿದರೆ ನೇರ ಬರುತ್ತಾ? ಶುಕ್ರವಾರದೊಳಗೆ 300 ಚೀಲ ಕೊಡಬೇಕು, ದಯವಿಟ್ಟು ಹೇಳಿ.