ಡಿಟಾಕ್ಸ್ ಅಂದರೆ ಏನು ಅಂತ ಕೇಳಿದ ಚಿಕ್ಕಮ್ಮನಿಗೆ

ಚಿಕ್ಕಮ್ಮ, ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಹಾಗಾಗಿ ವಾಯ್ಸ್ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆದೀತು. ಮೈಯ ಟಾಕ್ಸಿನ್ ಎಲ್ಲ ತೆಗೆಯುತ್ತದೆ ಅಂತ ಭಾವ ಗ್ರೂಪಿನಲ್ಲಿ ಹಾಕಿದ ಡಿಟಾಕ್ಸ್ ಪೌಡರಿನ ಮೆಸೇಜ್ ನೋಡಿ ನೀವು ಕೇಳಿದಿರಲ್ಲ, ಡಿಟಾಕ್ಸ್ ಅಂದರೆ ಏನು, ಎಲ್ಲಿಂದ ಬಂತು ಅಂತ.

ಗ್ರೀಕ್ ಭಾಷೆಯಲ್ಲಿ ಟಾಕ್ಸಾನ್ ಅಂದರೆ ಬಿಲ್ಲು. ಬಾಣದ ತುದಿಗೆ ಬಳಿಯುವ ವಿಷಕ್ಕೆ ಟಾಕ್ಸಿಕಾನ್ ಅಂದರು. ಬರಬರುತ್ತಾ ಬಿಲ್ಲು ಮರೆತೇ ಹೋಯಿತು, ವಿಷ ಅನ್ನುವ ಅರ್ಥ ಮಾತ್ರ ಉಳಿಯಿತು. ಲ್ಯಾಟಿನ್ ದಾಟಿ ಇಂಗ್ಲಿಷಿಗೆ ಬಂದಾಗ ಟಾಕ್ಸಿಕ್ ಆಯಿತು. ಅದರ ಮೊದಲಿಗೆ 'ಡಿ' ಸೇರಿಸಿದರೆ ವಿಷ ತೆಗೆಯುವುದು. ಡಿಟಾಕ್ಸ್ ಅನ್ನುವ ಮೊಟಕು ರೂಪ 1970ರ ದಶಕದಲ್ಲಿ ಓಡಾಡಿದ್ದು ಕುಡಿತ, ಡ್ರಗ್ಸ್ ಬಿಡಿಸುವ ಕಡೆ. ಜ್ಯೂಸ್ ಮಾರುವವರ ಕೈಗೆ ಸಿಕ್ಕಿದ್ದು ಆಮೇಲೆ.

ನಮ್ಮಲ್ಲೂ ಈ ಕೆಲಸ ಹೊಸತಲ್ಲ. ಕಾಸರಕದ ಮರ ಗೊತ್ತಲ್ಲ? ಕಾಸರಗೋಡಿಗೆ ಆ ಮರದಿಂದಲೇ ಹೆಸರು ಬಂತು ಅನ್ನುವವರೂ ಇದ್ದಾರೆ. ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಅನ್ನುವ ವಿಷ ಇದೆ, ಹಾಗೇ ತಿಂದರೆ ಜೀವಕ್ಕೇ ಅಪಾಯ. ಪಂಡಿತರು ಅದನ್ನು ಹಾಲಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಒಳಗಿನ ಮೊಳಕೆ ಕಿತ್ತು, ತುಪ್ಪದಲ್ಲಿ ಹುರಿದು ಮದ್ದಿಗೆ ಹಾಕುತ್ತಾರೆ. ಅದಕ್ಕೆ ಶೋಧನ ಅನ್ನುತ್ತಾರೆ. (ಮನೆಯಲ್ಲಿ ಯಾರೂ ಮಾಡಲಿಕ್ಕೆ ಹೋಗಬೇಡಿ ಮತ್ತೆ!) ನೀವು ಮರಗೆಣಸು ಬೇಯಿಸಿದ ನೀರು ಚೆಲ್ಲುತ್ತೀರಲ್ಲ, ಅದೂ ಇದೇ ಲೆಕ್ಕ. ಗೆಣಸಿನ ಸಯನೈಡ್ ಅಂಶ ಆ ನೀರಿನ ಜೊತೆ ಹೋಗುತ್ತದೆ.

ಇಲ್ಲೆಲ್ಲ ಯಾವ ವಿಷ ಅಂತ ಗೊತ್ತು ಚಿಕ್ಕಮ್ಮ. ಭಾವನ ಮೆಸೇಜ್ ಕೊನೆವರೆಗೆ ಓದಿದೆ, ಒಂದೇ ಒಂದು ವಿಷದ ಹೆಸರಿಲ್ಲ. ಸುಮ್ನೆ ಟಾಕ್ಸಿನ್ ಟಾಕ್ಸಿನ್ ಅಂತ ಬರೆದಿದ್ದಾರೆ. ಹಾವು ಕಚ್ಚಿದರೆ ಆ್ಯಂಟಿವೆನಮ್ ಇದೆ, ಪ್ಯಾರಾಸಿಟಮಾಲ್ ಜಾಸ್ತಿ ನುಂಗಿದರೆ ಅಸಿಟೈಲ್‌ಸಿಸ್ಟೀನ್ ಇದೆ. ಎಂಡೋಸಲ್ಫಾನ್ ಅನ್ನುವ ಕೀಟನಾಶಕಕ್ಕೆ ಅಂಥ ಮದ್ದೇ ಇಲ್ಲ. ಕಾಸರಗೋಡಿನ ಪಡ್ರೆ, ಸ್ವರ್ಗದ ಕಡೆ ಗೇರು ತೋಟಕ್ಕೆ 2000ದವರೆಗೂ ಹೆಲಿಕಾಪ್ಟರಿನಿಂದ ಹೊಡೆದರಲ್ಲ, ಅದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಪೌಡರಿನಿಂದ ಹೋಗುವ ವಿಷ ಆಗಿದ್ದರೆ ಅಲ್ಲಿ ಕಾಯಿಲೆ ಬಿದ್ದ ಮನೆಗಳವರು ಇಷ್ಟು ವರ್ಷ ಆಸ್ಪತ್ರೆ, ಕೋರ್ಟು ಅಂತ ಅಲೆಯಬೇಕಿತ್ತಾ?

ದಿನನಿತ್ಯದ ಕಸಕ್ಕೆ ಲಿವರ್, ಕಿಡ್ನಿ ಇವೆ. ಕಿಡ್ನಿಗಳು ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಬೇಕಾದದ್ದನ್ನೆಲ್ಲ ವಾಪಸ್ ಎಳೆದುಕೊಂಡು ಹೊರಗೆ ಬಿಡುವುದು ಒಂದೂವರೆ, ಎರಡು ಲೀಟರ್ ಅಷ್ಟೇ.

ಭಾವ, ಬೇಜಾರು ಮಾಡಬೇಡಿ. ಪ್ಯಾಕೆಟ್ ಹಿಂದಿನ ಲೇಬಲ್ ಫೋಟೋ ಹಾಕಿ. ಸೋನಾಮುಖಿ ಇದೆಯಾ ನೋಡಬೇಕು. ಇದ್ದರೆ ಅದು ಭೇದಿ ಮದ್ದು, ಹೊಟ್ಟೆ ಖಾಲಿಯಾಗಿ ತೂಕ ಇಳಿದ ಹಾಗೆ ಕಾಣುತ್ತದೆ. ನೀವು ಬಿಪಿ ಮಾತ್ರೆ ಬೇರೆ ತೆಗೆದುಕೊಳ್ಳುತ್ತೀರಿ. ಫೋಟೋ ನೋಡಿ ನಾನು ಹೇಳುವವರೆಗೆ ಪ್ಯಾಕೆಟ್ ಒಡೆಯಬೇಡಿ.